ಕ್ಲಾಸಿನಲ್ಲಿ ಎರಡನೆಯದು

ಪರಊರಿನಲ್ಲಿ ನೆಲೆಸಿದವನಿಗೆ ಊರಿನವರು ಹಚ್ಚುವ ಕೆಲಸಗಳಿಗೆ ಲೆಕ್ಕವಿಲ್ಲ. 1988ರಲ್ಲಿ ಬ್ಯಾಂಕಿನವರು ನನ್ನನ್ನು ಮದ್ರಾಸಿಗೆ ಹಾಕಿದ ಲಾಗಾಯ್ತು ಇಂಥ ಕೆಲಸಗಳನ್ನು ಬರೆದಿಟ್ಟಿದ್ದರೆ ಒಂದು ಲೆಡ್ಜರೇ ತುಂಬುತ್ತಿತ್ತು. ಕಣ್ಣಿನ ಆಪರೇಷನ್ನಿಗೆ ಬಂದವರ ಜೊತೆ ಆಸ್ಪತ್ರೆಯ ಬೆಂಚಿನ ಮೇಲೆ ಕೂರುವುದು, ಮದುವೆ ಸೀರೆಗೆ ಬಂದವರನ್ನು ಟಿ. ನಗರದಲ್ಲಿ ಸುತ್ತಿಸುವುದು, ಅಮೆರಿಕದ ವೀಸಾಕ್ಕೆ ಬಂದ ಹುಡುಗರನ್ನು ಬೆಳಗಿನ ಜಾವ ಕಾನ್ಸುಲೇಟಿನ ಮುಂದೆ ಇಳಿಸಿ, ಅವರ ಮೊಬೈಲು ಇಟ್ಟುಕೊಂಡು ಎದುರಿನ ಫುಟ್‌ಪಾತಿನಲ್ಲಿ ಕಾಯುವುದು. ಇವೆಲ್ಲ ಮಾಮೂಲು. ಆದರೆ 2023ರಲ್ಲಿ ತಿಪಟೂರಿನಿಂದ ನನ್ನ ತಮ್ಮ ಒಪ್ಪಿಸಿದ ಕೆಲಸ ಮಾತ್ರ ಹೊಸ ನಮೂನೆಯದು.

ತಮ್ಮನದು ಕೊಬ್ಬರಿ ಮಂಡಿ. ಅವನ ಒಬ್ಬನೇ ಮಗ ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ, ಬೆಂಗಳೂರಿನಲ್ಲಿ ಸಿಕ್ಕಿದ್ದ ಸರ್ವಿಸ್ ಸೆಂಟರಿನ ಕೆಲಸ ಬಿಟ್ಟು, ಚೆನ್ನೈಗೆ ಬಂದು ಕಾರ್ ರೇಸಿನ ಒಂದು ತಂಡದಲ್ಲಿ ಮೆಕ್ಯಾನಿಕ್ ಆಗಿ ಸೇರಿದ್ದ. ಸಂಬಳ ಹದಿನಾರು ಸಾವಿರ. ಇರುವುದು ನಾಲ್ಕು ಜನ ಹುಡುಗರ ಜೊತೆ ಪೂನಮಲ್ಲಿಯ ಒಂದು ರೂಮಿನಲ್ಲಿ. ನಮ್ಮ ಮನೆಗೆ ಬಂದು ಇರು ಎಂದರೆ, "ದೂರ ಆಗುತ್ತೆ ದೊಡ್ಡಪ್ಪ, ರಾತ್ರಿ ಎಷ್ಟು ಹೊತ್ತಾಗುತ್ತೋ ಗೊತ್ತಿರಲ್ಲ" ಅನ್ನುತ್ತಿದ್ದ.

ತಮ್ಮ ಫೋನು ಮಾಡಿದ. "ಅಣ್ಣಾ, ರೇಸು ಅಂದ್ರೆ ನಮ್ಮ ಕಡೆ ಕುದುರೆ ಜೂಜು ಅಂತಾರೆ. ಹೆಣ್ಣು ಕೊಡೋರು ಏನ್ ಮಾಡ್ತಾನೆ ಅಂತ ಕೇಳಿದ್ರೆ ಏನ್ ಹೇಳ್ಲಿ? ನೀನೇ ಒಂದ್ಸಲ ಹೋಗಿ ನೋಡ್ಕಂಡ್ ಬಾ. ಸರಿ ಇಲ್ಲ ಅಂದ್ರೆ ಕಿವಿ ಹಿಡ್ಕಂಡು ಬಸ್ ಹತ್ತಿಸು. ನೀನು ಏನ್ ಹೇಳಿದ್ರೂ ನಾನು ಒಪ್ಕತೀನಿ."

ನೋಡಿ, ಈ ಕೊನೆಯ ಮಾತೇ ಭಾರದ್ದು. ಮೂವತ್ತೈದು ವರ್ಷ ಸಾಲದ ಅರ್ಜಿಗಳನ್ನು ಪರಿಶೀಲಿಸಿದ ಮನುಷ್ಯ ನಾನು. ಆದರೆ ಅಲ್ಲಿ ತಪ್ಪಿದರೆ ಹೋಗುವುದು ಬ್ಯಾಂಕಿನ ದುಡ್ಡು. ಇಲ್ಲಿ ಒಂದು ಹುಡುಗನ ಜೀವನ, ಜೊತೆಗೆ ಅಣ್ಣ ತಮ್ಮಂದಿರ ಸಂಬಂಧ.

ರೇಸು ನಡೆಯುವುದು ಇರುಂಗಾಟ್ಟುಕೋಟ್ಟೈಯಲ್ಲಿ. ಚೆನ್ನೈಯಿಂದ ಬೆಂಗಳೂರಿಗೆ ಕಾರಿನಲ್ಲಿ ಬರುವವರೆಲ್ಲ ಶ್ರೀಪೆರಂಬದೂರಿನ ಹತ್ತಿರ ಹ್ಯುಂಡೈ ಕಾರ್ಖಾನೆ ನೋಡಿರುತ್ತೀರಿ. ಅದರ ಆಸುಪಾಸಿನಲ್ಲೇ ಈ ಟ್ರ್ಯಾಕು ಇದೆ. ಊರಿಗೆ ಹೋಗುವ ದಾರಿಯಲ್ಲಿ ನೂರಾರು ಸಲ ಅದನ್ನು ದಾಟಿದ್ದೇನೆ, ಒಳಗೆ ಕಾಲಿಟ್ಟಿರಲಿಲ್ಲ. ಸುಮಾರು 3.7 ಕಿಲೋಮೀಟರಿನ ಸುತ್ತು, 12 ತಿರುವು. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಇದನ್ನು 1990ರಲ್ಲಿ ಶುರು ಮಾಡಿದರು. ಕ್ಲಬ್ಬು ಅದಕ್ಕಿಂತ ಹಳೆಯದು, 1953ರದ್ದು. ಮೊದಲು ಅವರ ರೇಸು ನಡೆಯುತ್ತಿದ್ದದ್ದು ನಗರದ ಉತ್ತರಕ್ಕಿರುವ ಶೋಳವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನ ಪಟ್ಟಿಯ ಮೇಲೆ. ನಾನು ಬಂದ ಹೊಸತರಲ್ಲಿ ನಮ್ಮ ಬ್ರಾಂಚಿನ ಹೆಡ್ ಕ್ಯಾಷಿಯರು ಶೋಳವರಂ ಕಥೆಗಳನ್ನು ಊಟದ ಡಬ್ಬಿ ಬಿಚ್ಚಿದ ಕೂಡಲೇ ಶುರು ಮಾಡುತ್ತಿದ್ದರು. ಗೊಂಡಲ್‌ನ ರಾಜಕುಮಾರರು, ವಿಜಯ್ ಮಲ್ಯ ಎಲ್ಲ ಅಲ್ಲಿ ಓಡಿಸಿದವರೇ. ಕೊಯಮತ್ತೂರಿನ ಕರಿವರ್ಧನ್ ಎಂಬುವರು ಮಾರುತಿ 800ರ ಎಂಜಿನ್ ಇಟ್ಟುಕೊಂಡು ಫಾರ್ಮುಲಾ ಮಾರುತಿ ಎಂಬ ಅಗ್ಗದ ರೇಸ್ ಕಾರನ್ನು ಇಲ್ಲೇ ತಯಾರಿಸಿದರು. ಅವರು 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕೊಯಮತ್ತೂರಿನ ಟ್ರ್ಯಾಕಿಗೆ ಅವರ ಹೆಸರೇ ಇದೆ. 2005ರಲ್ಲಿ ಫಾರ್ಮುಲಾ ಒನ್‌ಗೆ ಹೋದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಕೂಡ ಕೊಯಮತ್ತೂರಿನವರೇ. ಒಟ್ಟಿನಲ್ಲಿ ತಮಿಳುನಾಡಿನಲ್ಲಿ ಇದು ಬೇರು ಬಿಟ್ಟ ವಿದ್ಯೆ.

ಶನಿವಾರ ಬೆಳಿಗ್ಗೆ ಮನೆಯಾಕೆ ಕಟ್ಟಿಕೊಟ್ಟ ಮೊಸರನ್ನ, ಪುಳಿಯೋಗರೆ ಹಿಡಿದು ಹೋದೆ. ಹುಡುಗ ಗೇಟಿನ ಹತ್ತಿರ ಬಂದು ಕರೆದುಕೊಂಡು ಹೋದ. ಮೈಯೆಲ್ಲ ಗ್ರೀಸು. ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದವನು ಕೈ ನೋಡಿಕೊಂಡು ಹಾಗೇ ನಿಂತ. "ಇರಲಿ ಬಿಡಪ್ಪ" ಅಂದೆ.

ರೇಸು ಅಂದರೆ ಒಂದು ರೇಸಲ್ಲ, ಒಂದು ವಾರಾಂತ್ಯಕ್ಕೆ ಹತ್ತಾರು. ಶುಕ್ರವಾರ ಅಭ್ಯಾಸ, ಶನಿವಾರ ಅರ್ಹತಾ ಸುತ್ತು ಮತ್ತು ಕೆಲವು ರೇಸು, ಭಾನುವಾರ ಉಳಿದವು. ಚಕ್ರಗಳು ಹೊರಗೆ ಕಾಣುವ ಒಂಟಿ ಸೀಟಿನ ಕಾರುಗಳದ್ದೇ ಒಂದು ಗುಂಪು. ಅದರೊಳಗೆ ಮತ್ತೆ ವಿಭಾಗ: ಸ್ವಿಫ್ಟ್‌ನ 1300 ಸಿಸಿ ಎಂಜಿನ್ ಹಾಕಿದ ಫಾರ್ಮುಲಾ ಎಲ್‌ಜಿಬಿ, ಅದಕ್ಕಿಂತ ಜೋರಾದ ಎಂಆರ್‌ಎಫ್ ಕಾರುಗಳು. ಇನ್ನೊಂದು ಗುಂಪು ನಾವು ನೀವು ರಸ್ತೆಯಲ್ಲಿ ಕಾಣುವ ಕಾರುಗಳದ್ದು. ಒಳಗಿನ ಸೀಟು, ಹಾಸು ಎಲ್ಲ ಕಿತ್ತುಹಾಕಿ, ಉರುಳಿದರೆ ತಲೆ ಉಳಿಯಲಿ ಎಂದು ಕಬ್ಬಿಣದ ಕೊಳವೆಯ ಪಂಜರ ಕೂರಿಸಿರುತ್ತಾರೆ. ಇವುಗಳಲ್ಲಿ ಎಂಜಿನ್ನನ್ನು ಹೆಚ್ಚು ಬದಲಿಸಲು ಅನುಮತಿ ಇರುವ ಇಂಡಿಯನ್ ಟೂರಿಂಗ್ ಕಾರ್ಸ್ ಒಂದು ಕ್ಲಾಸು, ಅದರ ಕೆಳಗೆ ಜೂನಿಯರ್ ಟೂರಿಂಗ್ ಕಾರ್ಸ್. ನಮ್ಮ ಹುಡುಗನ ಕಾರು ಜೂನಿಯರ್.

ವಿಶೇಷವೇನೆಂದರೆ ಅಂದು ಎರಡೂ ಕ್ಲಾಸು ಒಟ್ಟಿಗೇ ಟ್ರ್ಯಾಕಿಗೆ ಇಳಿಯುತ್ತಿದ್ದವು. ಇದೇನು ಬಡತನದ ಅಡ್ಜಸ್ಟ್‌ಮೆಂಟಲ್ಲ. ಪ್ರಪಂಚದ ದೊಡ್ಡ ಕಾರ್ ರೇಸುಗಳಲ್ಲೊಂದಾದ ಫ್ರಾನ್ಸಿನ ಲ ಮಾನ್‌ನಲ್ಲೂ ಹೀಗೆಯೇ. 1923ರಲ್ಲಿ ಶುರುವಾದ ಆ ರೇಸು 24 ಗಂಟೆ ನಡೆಯುತ್ತದೆ, ಒಂದು ಕಾರಿಗೆ ಮೂವರು ಚಾಲಕರು. ಹೈಪರ್‌ಕಾರ್, ಎಲ್‌ಎಂಪಿ2, ಜಿಟಿ ಎಂದು ಮೂರು ಕ್ಲಾಸು ಒಂದೇ ರಸ್ತೆಯಲ್ಲಿ ಹಗಲು ರಾತ್ರಿ ಓಡುತ್ತವೆ, ಪ್ರತಿ ಕ್ಲಾಸಿಗೂ ಅದರದೇ ವಿಜೇತರು. 2012ರಲ್ಲಿ ಅಲ್ಲಿ ಓಡಿಸಿದ ಮೊದಲ ಭಾರತೀಯ ಚೆನ್ನೈನ ಕರುಣ್ ಚಂದೋಕ್. 2019ರಲ್ಲಿ ನಮ್ಮ ಬೆಂಗಳೂರಿನ ಅರ್ಜುನ್ ಮೈನಿ ಎಲ್‌ಎಂಪಿ2ನಲ್ಲಿ ಓಡಿಸಿದರು. ಇದನ್ನೆಲ್ಲ ಹುಡುಗ ಒಂದೇ ಉಸಿರಿನಲ್ಲಿ ಹೇಳಿದ. ಎಸ್‌ಎಸ್‌ಎಲ್‌ಸಿಯಲ್ಲಿ ಇತಿಹಾಸಕ್ಕೆ ಮೂವತ್ತೆಂಟು ತೆಗೆದುಕೊಂಡಿದ್ದವನು!

ಅರ್ಹತಾ ಸುತ್ತಿನಲ್ಲಿ ತಿರುವಿನ ಹತ್ತಿರ ನಿಂತಿದ್ದ ಮಾರ್ಷಲ್ ಒಬ್ಬರು ನೀಲಿ ಬಾವುಟ ಬೀಸುತ್ತಿದ್ದರು. ಹಳದಿ ಎಂದರೆ ಮುಂದೆ ಅಪಾಯ, ಓವರ್‌ಟೇಕ್ ಮಾಡಬೇಡ. ಕೆಂಪು ಎಂದರೆ ರೇಸು ನಿಂತಿತು. ನೀಲಿ ಎಂದರೆ, ನಿನ್ನ ಹಿಂದೆ ನಿನಗಿಂತ ವೇಗದವನು ಬರುತ್ತಿದ್ದಾನೆ. "ಹಾಗಾದ್ರೆ ನಮ್ಮ ಕಾರು ಪಕ್ಕಕ್ಕೆ ಸರಿದು ನಿಲ್ಲಬೇಕೇನೋ?" ಎಂದು ಕೇಳಿದೆ. "ಇಲ್ಲ ದೊಡ್ಡಪ್ಪ, ಗಾಬರಿಯಾಗಿ ಪಕ್ಕಕ್ಕೆ ಸರಿದ್ರೇನೇ ಡಿಕ್ಕಿ ಆಗೋದು. ಅಡ್ಡ ಬರದೆ ನಮ್ಮ ದಾರೀಲಿ ನಾವು ಸಮನಾಗಿ ಹೋಗ್ತಿರಬೇಕು. ಅವರು ದಾರಿ ನೋಡ್ಕೊಂಡು ದಾಟಿ ಹೋಗ್ತಾರೆ." ಈ ಮಾತನ್ನು ನನಗೆ ಯಾರಾದರೂ 1988ರಲ್ಲೇ ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಪರಭಾಷೆಯ ಊರಿನಲ್ಲಿ, ತಮಿಳು ತಡವರಿಸುತ್ತಾ ಕೌಂಟರಿನ ಹಿಂದೆ ಕೂತವನಿಗೆ ಬೇಕಾಗಿದ್ದ ಬುದ್ಧಿಯೂ ಇದೇ.

ಆ ಸುತ್ತಿನ ಕೊನೆಗೆ ಗೇರ್‌ಬಾಕ್ಸ್ ಕೈಕೊಟ್ಟಿತು. ಹುಡುಗರ ಮುಖ ಸಣ್ಣಗಾಯಿತು. ಮನೆಗೆ ಹೊರಟಿದ್ದವನು ಅಲ್ಲೇ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆ. ಕಾರನ್ನು ಎತ್ತಿ ನಿಲ್ಲಿಸಿದರು, ಅಡಿಗೆ ನಮ್ಮವನೇ ನುಗ್ಗಿದ. ಗೇರ್‌ಬಾಕ್ಸ್ ಇಳಿಸಿ, ಬಿಚ್ಚಿ, ಹಲ್ಲು ಮುರಿದ ಚಕ್ರ ಬದಲಿಸಿ, ಮತ್ತೆ ಕೂರಿಸುವ ಹೊತ್ತಿಗೆ ರಾತ್ರಿ ಎರಡೂವರೆ. ಮಧುರೈ ಹುಡುಗನೊಬ್ಬ, ಕೇರಳದವನೊಬ್ಬ, ತಿಪಟೂರಿನ ನಮ್ಮವನು, ಇವರಿಗೆ ಹೇಳಿಕೊಡುತ್ತಿದ್ದ ಐವತ್ತು ದಾಟಿದ ಹಿರಿಯ ಮೇಸ್ತ್ರಿ. ನಮ್ಮ ಹುಡುಗ ತಮಿಳಿನಲ್ಲೇ ಮಾತಾಡುತ್ತಿದ್ದ, ಬೈಗುಳ ಮಾತ್ರ ಕನ್ನಡದ್ದು. ಮೇಸ್ತ್ರಿ ನನ್ನ ಹತ್ತಿರ ಬಂದು, ಸ್ಪಾನರ್ ಹಿಡಿದ ಮೇಲೆ ಈ ಹುಡುಗ ಗಡಿಯಾರ ನೋಡುವುದಿಲ್ಲ ಸಾರ್ ಎಂದರು. ಸಾಲ ಕೊಡುವಾಗ ನಾವು ಅರ್ಜಿದಾರನ ಬಗ್ಗೆ ಅಕ್ಕಪಕ್ಕದವರನ್ನು ವಿಚಾರಿಸುತ್ತಿದ್ದೆವು. ಇದಕ್ಕಿಂತ ಒಳ್ಳೆಯ ವರದಿ ನನಗೆ ಅಪರೂಪಕ್ಕೆ ಸಿಕ್ಕಿದೆ.

ಭಾನುವಾರದ ರೇಸಿಗೆ ದೊಡ್ಡ ಕ್ಲಾಸಿನ ಒಂಬತ್ತು, ಜೂನಿಯರ್ ಹತ್ತು, ಒಟ್ಟು ಹತ್ತೊಂಬತ್ತು ಕಾರು. ಎಂಟು ಸುತ್ತು, ಒಂದು ಸುತ್ತಿಗೆ ಎರಡು ನಿಮಿಷದ ಆಚೀಚೆ. ದೊಡ್ಡ ಕ್ಲಾಸಿನ ಒಂದು ಕಾರಿಗೆ ಶನಿವಾರ ಏನೋ ತೊಂದರೆಯಾಗಿ ಅದು ಎಲ್ಲರಿಗಿಂತ ಹಿಂದಿನಿಂದ ಹೊರಟಿತ್ತು. ಎರಡನೇ ಸುತ್ತಿನಲ್ಲಿ ಅದು ನಮ್ಮ ಕಾರಿನ ಬೆನ್ನಿಗೆ ಬಿತ್ತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ನಮ್ಮ ಚಾಲಕ ಜಗಳಕ್ಕೇ ಹೋಗದೆ ಅದಕ್ಕೆ ದಾರಿ ಬಿಟ್ಟ. ಹುಡುಗ ಚಪ್ಪಾಳೆ ತಟ್ಟಿದ! "ಅದು ನಮ್ಮ ಕ್ಲಾಸಲ್ಲ ದೊಡ್ಡಪ್ಪ. ಅದರ ಜೊತೆ ಗುದ್ದಾಡಿದ್ರೆ ಟೈಮು ಹೋಗುತ್ತೆ, ನಮ್ಮ ಕ್ಲಾಸಿನವನು ಹಿಂದಿನಿಂದ ಬಂದು ಹಾರಿಸಿಕೊಂಡು ಹೋಗ್ತಾನೆ. ನಾವು ನೋಡಬೇಕಾಗಿರೋದು ಅವನನ್ನ." ಹಾಗೇ ಆಯಿತು. ಕೊನೆಯ ಸುತ್ತಿನವರೆಗೂ ಹಿಂದಿದ್ದವನನ್ನು ತಡೆದು, ನಮ್ಮ ಕಾರು ಒಟ್ಟಾರೆ ಹನ್ನೊಂದನೆಯದಾಗಿ ಬಂತು. ಜೂನಿಯರ್ ಕ್ಲಾಸಿನಲ್ಲಿ ಎರಡನೆಯದು.

ಬಂದ ಕೂಡಲೇ ಬಹುಮಾನ ಇಲ್ಲ. ಮುಗಿಸಿದ ಕಾರುಗಳನ್ನು ಒಂದು ಕಡೆ ಸಾಲಾಗಿ ನಿಲ್ಲಿಸಿ, ತಂಡದವರು ಮುಟ್ಟದಂತೆ ಕಾವಲು ಹಾಕುತ್ತಾರೆ. ತೂಕ ನಿಯಮಕ್ಕಿಂತ ಕಮ್ಮಿ ಇದೆಯೇ, ಎಂಜಿನ್ನಿನಲ್ಲಿ ಕ್ಲಾಸಿಗೆ ಮೀರಿದ ಕೈಚಳಕ ಇದೆಯೇ ಎಂದು ಪರೀಕ್ಷೆ. ಅದು ಮುಗಿಯುವವರೆಗೆ ಫಲಿತಾಂಶ ತಾತ್ಕಾಲಿಕ. ನಮ್ಮ ಬ್ಯಾಂಕ್ ಇನ್‌ಸ್ಪೆಕ್ಷನ್ನೇ ಎನ್ನಿ. ಹುಡುಗ ಅಷ್ಟು ಹೊತ್ತಿನಲ್ಲಿ ಮೂರು ಸಲ ಕೈ ತೊಳೆದುಕೊಂಡ. ಎಲ್ಲ ಸರಿ ಇದೆ ಎಂದು ಬಂದ ಮೇಲೆಯೇ ಪುಳಿಯೋಗರೆಯ ಡಬ್ಬಿ ಬಿಚ್ಚಿದ್ದು.

ಆಗ ನಾನು ನನ್ನ ಕೆಲಸ ಶುರು ಮಾಡಿದೆ. ಪಿಎಫ್ ಇದೆಯಾ? ಇಲ್ಲ. ಸೀಸನ್ ಇಲ್ಲದಾಗ ಸಂಬಳ? ಅರ್ಧ. ಏಟು ಬಿದ್ದರೆ? ಮೌನ. ನಿಮ್ಮ ಕಾರಿನ ವಿಮೆ ಪಾಲಿಸಿ ತೆಗೆದು ಸಣ್ಣ ಅಕ್ಷರ ಓದಿ ನೋಡಿ, ಸಂಘಟಿತ ರೇಸು, ವೇಗ ಪರೀಕ್ಷೆ ಇವಕ್ಕೆ ಅನ್ವಯಿಸುವುದಿಲ್ಲ ಎಂದು ಬರೆದಿರುತ್ತದೆ. ಅಂದರೆ ಟ್ರ್ಯಾಕಿಗೆ ಇಳಿದ ಕಾರಿಗೆ ಆ ಪಾಲಿಸಿಯ ರಕ್ಷಣೆ ಇಲ್ಲ. ಕಾರಿನ ಚಿಂತೆ ಮಾಲೀಕನಿಗಿರಲಿ, ಅದರ ಅಡಿಗೆ ಮಲಗುವ ಹುಡುಗನ ಗತಿ? ಬ್ಯಾಂಕಿನವನಾಗಿ ಇದನ್ನು ಸ್ಯಾಂಕ್ಷನ್ ಮಾಡುವ ಹಾಗೇ ಇರಲಿಲ್ಲ.

"ಮುಂದೆ ಏನು ಮಾಡ್ತೀಯಪ್ಪ?" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಸರ್ವಿಸ್ ಸೆಂಟರಿನಲ್ಲಿ ನಾನು ಬಿಚ್ಚಿದ ಗೇರ್‌ಬಾಕ್ಸ್ ಆಮೇಲೆ ಏನಾಯ್ತು ಅಂತ ಗೊತ್ತೇ ಆಗ್ತಿರಲಿಲ್ಲ ದೊಡ್ಡಪ್ಪ. ಇಲ್ಲಿ ಮಾರನೇ ದಿನವೇ ಗೊತ್ತಾಗುತ್ತೆ."

ರಾತ್ರಿ ತಮ್ಮನಿಗೆ ಫೋನು ಮಾಡಿದೆ. "ಎಷ್ಟ್ನೇದು ಬಂದ್ರಂತೆ?" ಎಂದ. "ಹನ್ನೊಂದು." "ಹನ್ನೊಂದಾ! ಅದಕ್ಕೆ ಇಷ್ಟು ದೂರ ಹೋಗ್ಬೇಕಿತ್ತಾ?" ನಾನು ಕೇಳಿದೆ: "ನಿನ್ನ ಮಂಡೀಲಿ ಉಂಡೆ ಕೊಬ್ಬರೀನೂ ಎಣ್ಣೆಗೆ ಹಾಕೋ ಕೊಬ್ಬರೀನೂ ಒಂದೇ ರಾಶೀಲಿ ಸುರಿದು ಒಂದೇ ರೇಟು ಕಟ್ತೀಯೇನೋ?" "ಅದೆಂಗಾಯ್ತದೆ ಅಣ್ಣ?" "ಹಂಗೇ ಇದೂನು. ಅವನ ಕ್ಲಾಸಲ್ಲಿ ಅವನದು ಎರಡನೇದು." ಆ ಕಡೆಯಿಂದ ಮಾತಿಲ್ಲ.

ಕೊನೆಗೆ ನಾನು ಹೇಳಿದ್ದಿಷ್ಟು: ಎರಡು ವರ್ಷ ಬಿಡು. ಅಷ್ಟರಲ್ಲಿ ಕಾಲೂರದಿದ್ದರೆ ನಾನೇ ಕರೆದುಕೊಂಡು ಬಂದು ನಿನ್ನ ತಕ್ಕಡಿ ಮುಂದೆ ಕೂರಿಸುತ್ತೇನೆ. ಅಪಘಾತ ವಿಮೆ ನಾನು ಮಾಡಿಸುತ್ತೇನೆ, ಅವನ ಕೆಲಸ ಏನೆಂದು ಅರ್ಜಿಯಲ್ಲಿ ಇದ್ದದ್ದು ಇದ್ದ ಹಾಗೆ ಬರೆದು. ಸರ್ವಿಸಿನಲ್ಲಿದ್ದಷ್ಟು ಕಾಲವೂ ನಾನು ಕಂಡವರಿಗೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: ಯಾರಿಗೂ ಜಾಮೀನು ನಿಲ್ಲಬೇಡಿ. ಅವತ್ತು ಜಾಮೀನು ನಿಂತೆ. ಮನೆಯಾಕೆ, "ನಿಮ್ಮ ತಮ್ಮನ ಹತ್ತಿರ ಮಾತು ಕೆಡಿಸಿಕೊಳ್ಳೋ ದಾರಿ ಇದು" ಎಂದಳು. ಇರಬಹುದು. ಆದರೆ ಅಪ್ಪ ನನ್ನನ್ನು ಎಂಕಾಂಗೆ ಮೈಸೂರಿಗೆ ಕಳಿಸಿದಾಗಲೂ, ನಡುವೆ ನಿಂತು ಎರಡು ವರ್ಷ ಬಿಡಿ ಎಂದು ಕೇಳಿದವರು ಯಾರೋ ಒಬ್ಬ ದೊಡ್ಡಪ್ಪನೇ.

2024ರ ಆಗಸ್ಟ್ ಕೊನೆಯಲ್ಲಿ ಚೆನ್ನೈನ ಐಲ್ಯಾಂಡ್ ಗ್ರೌಂಡ್ಸ್ ಸುತ್ತಮುತ್ತಲ ರಸ್ತೆಗಳಲ್ಲೇ, ರಾತ್ರಿ ದೀಪದಲ್ಲಿ ಕಾರ್ ರೇಸು ನಡೆಯಿತು. ನಮ್ಮ ಹುಡುಗನ ತಂಡ ಅದರಲ್ಲಿರಲಿಲ್ಲ. ಆದರೂ ತಮ್ಮ ಟಿವಿಯಲ್ಲಿ ಹುಡುಕಿ ನೋಡಿದನಂತೆ, ಪಕ್ಕದ ಮಂಡಿಯವರಿಗೆ ನೀಲಿ ಬಾವುಟದ ಅರ್ಥ ಹೇಳಿದನಂತೆ. ಎರಡು ವರ್ಷದ ವಾಯಿದೆ 2025ಕ್ಕೆ ಮುಗಿಯಿತು. ಯಾರೂ ಆ ಮಾತು ಎತ್ತಲಿಲ್ಲ. ಸಂಬಳ ಇನ್ನೂ ಹೇಳಿಕೊಳ್ಳುವಂಥದ್ದಲ್ಲ, ಹೆಣ್ಣು ಕೊಡುವವರು ಇನ್ನೂ ಎರಡೆರಡು ಸಲ ಕೇಳುತ್ತಾರೆ. ಮಂಡಿಯ ತಕ್ಕಡಿ ಮುಂದೆ ತಮ್ಮ ಒಬ್ಬ ಗುಮಾಸ್ತನನ್ನು ಇಟ್ಟುಕೊಂಡಿದ್ದಾನೆ. ವಿಮೆಯ ಕಂತು ವರ್ಷಾವರ್ಷ ನಾನೇ ಕಟ್ಟುತ್ತಿದ್ದೇನೆ. ರೇಸು ಇದ್ದ ಭಾನುವಾರ ಸಂಜೆ ತಿಪಟೂರಿನಿಂದ ಫೋನು ತಪ್ಪುವುದಿಲ್ಲ. ಎತ್ತಿದ ಕೂಡಲೇ ಕ್ಷೇಮ ಸಮಾಚಾರಕ್ಕೂ ಮೊದಲು ಕೇಳುತ್ತಾನೆ:

"ಅಣ್ಣಾ, ಕ್ಲಾಸಲ್ಲಿ ಎಷ್ಟ್ನೇದು?"