ಹೊಸ ಬಂಡಿಯ ಎತ್ತರ

ಎತ್ತರದಲ್ಲಿ ಮನುಷ್ಯನಿಗೊಂದು ಬಗೆಯ ಮೋಹವುಂಟು. ಮನೆ ಕಟ್ಟಿಸುವವನು ನೆರೆಯವನ ಕಟ್ಟೆಗಿಂತ ಒಂದು ಗೇಣು ಮೇಲಾಗಿಯೇ ತನ್ನ ಕಟ್ಟೆಯನ್ನು ಹಾಕಿಸುತ್ತಾನೆ. ರುಮಾಲು ಸುತ್ತುತ್ತಿದ್ದ ಕಾಲದಲ್ಲಿ ರುಮಾಲಿನ ತುದಿಯೂ ಈ ಪೈಪೋಟಿಗೆ ಹೊರತಾಗಿರಲಿಲ್ಲ. ಈಚೆಗೆ ಈ ಮೋಹವು ಮೋಟಾರು ಬಂಡಿಗಳಿಗೂ ತಗಲಿದೆ. ಕಾರಖಾನೆಯಿಂದ ಬಂದ ಬಂಡಿಯನ್ನು ಮೂರು ನಾಲ್ಕು ಅಂಗುಲ ಎತ್ತಿಸಿ, ದೊಡ್ಡ ದೊಡ್ಡ ಗಾಲಿಗಳನ್ನು ಹಾಕಿಸಿಕೊಂಡು ತಿರುಗುವುದು ತರುಣರಿಗೆ ಬಲು ಪ್ರಿಯವಾದ ಹವ್ಯಾಸವಾಗಿದೆ. ಕಳೆದ ವರುಷ ನಮ್ಮ ಮನೆಗೆ ಪಿಕಪ್ ಗಾಡಿಯೊಂದು ಬಂದಾಗ ಈ ಪ್ರಶ್ನೆಯು ನಮ್ಮ ಪಡಸಾಲೆಯನ್ನೂ ಹೊಕ್ಕಿತು. ಹದಿನೈದು ದಿನ ನಡೆದ ಆ ಚರ್ಚೆಯಿಂದ ನಾವು ಕಲಿತುದು ಬೇರೆ ಸಂಸಾರಸ್ಥರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ವಾಸವು ಬೆಳಗಾವಿಯಲ್ಲಿ. ಬೇಸಾಯವು ಖಾನಾಪುರ ತಾಲೂಕಿನಲ್ಲಿ, ಜಾಂಬೋಟಿಯ ಕಡೆಗೆ. ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರು ಹೆದ್ದಾರಿ. ಅಲ್ಲಿಯವರೆಗೆ ಯಾವ ಬಂಡಿಯಾದರೂ ಸಾಗುತ್ತದೆ. ಖಾನಾಪುರದ ಪೇಟೆಯಲ್ಲಿ ಬೀಜ ಗೊಬ್ಬರಗಳನ್ನು ಕೊಂಡು ಪಶ್ಚಿಮಕ್ಕೆ ತಿರುಗಿದೆವೆಂದರೆ ಸಹ್ಯಾದ್ರಿಯು ಹತ್ತಿರವಾಗುತ್ತದೆ. ಮಲಪ್ರಭೆಯು ಹುಟ್ಟುವ ಕಣಕುಂಬಿಯು ಆ ದಿಕ್ಕಿನಲ್ಲಿಯೇ ಇರುವುದು. ಡಾಂಬರು ರಸ್ತೆಯನ್ನು ಬಿಟ್ಟು ನಮ್ಮ ಗದ್ದೆಗೆ ಹೋಗುವ ಒಂದೂವರೆ ಕಿಲೋಮೀಟರು ಮಣ್ಣಿನ ದಾರಿಯೇ ನಮ್ಮ ನಿಜವಾದ ಪರೀಕ್ಷೆ. ಖಾನಾಪುರದ ಮಣ್ಣು ಹೆಸರಾದುದು. ಕುಂಬಾರಿಕೆಗೂ ಹೆಂಚಿಗೂ ಅದು ಅಷ್ಟು ಒಳ್ಳೆಯದು. ಗ್ರಾಮೀಣ ಕುಂಬಾರಿಕೆಯ ಕೇಂದ್ರ ಸಂಸ್ಥೆಯು ಇರುವುದೂ ಆ ಊರಿನಲ್ಲಿಯೇ. ಆದರೆ ಕುಂಬಾರನ ಕೈಗೆ ಅಂಟಿ ಗಡಿಗೆಯಾಗುವ ಮಣ್ಣಿಗೂ ಮಿರಗದ ಮಳೆಯ ತರುವಾಯ ಗಾಲಿಗೆ ಅಂಟಿ ಬಂಡಿಯನ್ನು ನಿಲ್ಲಿಸುವ ಮಣ್ಣಿಗೂ ಹೆಚ್ಚಿನ ಭೇದವಿಲ್ಲ. ನಾಟಿಯ ಕಾಲದಲ್ಲಿ ಗೊಬ್ಬರವನ್ನು ಡಾಂಬರಿನ ಅಂಚಿನಲ್ಲಿಯೇ ಇಳಿಸಿ ತಲೆಯ ಮೇಲೆ ಹೊರಿಸಿದ ವರುಷಗಳು ನಮಗೆ ಹಲವು ಇವೆ. ನಾಲ್ಕೂ ಗಾಲಿಗಳಿಗೆ ಬಲ ಕೊಡುವ ಪಿಕಪ್ಪನ್ನು ಸಾಲ ಮಾಡಿ ಕೊಂಡುದು ಈ ಕಷ್ಟಕ್ಕಾಗಿಯೇ.

ಬಂಡಿ ಬಂದ ಎರಡನೆಯ ದಿನವೇ ನನ್ನ ಮಗನು ತನ್ನ ಬೇಡಿಕೆಯನ್ನು ಮುಂದಿಟ್ಟನು. ಮೂರು ಅಂಗುಲದ ಲಿಫ್ಟ್ ಕಿಟ್ಟು. ಅದರ ಕೆಳಗೆ ಕೆಸರಿಗಾಗಿಯೇ ಮಾಡಿದ ದೊಡ್ಡ ಟೈರುಗಳು. “ಅಪ್ಪಾ, ನಮ್ಮ ದಾರಿಗೆ ಇಷ್ಟರ ಎತ್ತರ ಬೇಕ ಬೇಕು,” ಎಂದನು. ಅವನ ಮಾತು ಬರಿಯ ಶೋಕಿಯದಾಗಿದ್ದರೆ ತಳ್ಳಿಹಾಕಬಹುದಾಗಿತ್ತು. ಆದರೆ ಗೊಬ್ಬರದ ಚೀಲಗಳನ್ನು ಹೊತ್ತವರಲ್ಲಿ ಅವನೂ ಒಬ್ಬನು.

ಮೊದಲನೆಯ ಆಕ್ಷೇಪವು ನನ್ನ ತಾಯಿಯವರಿಂದ ಬಂದಿತು. ಎಂಬತ್ತು ದಾಟಿದ ಅವರಿಗೆ ಮೊಣಕಾಲ ನೋವು. ಆದರೂ ಅಮಾವಾಸ್ಯೆಗೊಮ್ಮೆ ಗದ್ದೆಯ ಬದುವಿನ ಮೇಲಿನ ದೇವರಿಗೆ ಕಾಯಿ ಒಡೆಯದಿದ್ದರೆ ಸಮಾಧಾನವಿಲ್ಲ. “ಎತ್ತರ ಆದ್ರ ನಾ ಹ್ಯಾಂಗ ಹತ್ತಲೋ ತಮ್ಮಾ? ಗಾಡಿ ನನಗಾಗಿನೋ, ನಾ ಗಾಡಿಗಾಗಿನೋ?” ಎಂದು ಮೊಮ್ಮಗನನ್ನು ಕೇಳಿದರು. ಅವನು ಪಾವಟಿಗೆಯನ್ನು ಕೂಡಿಸುವೆನೆಂದನು. “ಪಾವಟಿಗಿ ಹತ್ತಾಕೂ ಮೊಣಕಾಲ ಬೇಕಲ್ಲೋ,” ಎಂದರು ಅವರು. ಮಾತು ಅಲ್ಲಿಗೆ ನಿಂತಿತು; ಪ್ರಶ್ನೆ ನಿಲ್ಲಲಿಲ್ಲ.

ಬೆಳಗಾವಿಯವರಿಗೆ ಕಬ್ಬಿಣದ ವಿದ್ಯೆಯು ಹೊಸದಲ್ಲ. ಉದ್ಯಮಬಾಗದ ಎರಕದ ಕಾರಖಾನೆಗಳಲ್ಲಿ ದುಡಿದ ಮಂದಿ ಓಣಿಗೊಬ್ಬರು ಸಿಕ್ಕುತ್ತಾರೆ. ನಾನೂ ಮಗನೂ ಅಂತಹ ಪಳಗಿದ ಮಿಸ್ತ್ರಿಯೊಬ್ಬರನ್ನು ಹುಡುಕಿಕೊಂಡು ಹೋದೆವು. ಅವರು ಬಂಡಿಯ ಕೆಳಗೆ ನನ್ನನ್ನೂ ಕೂಡಿಸಿಕೊಂಡು ಕೈಮಾಡಿ ತೋರಿಸಿದರು. ಹಿಂದಿನ ಎರಡು ಗಾಲಿಗಳ ನಡುವೆ ದಪ್ಪನಾದ ಅಚ್ಚು. ಅದರ ಮಧ್ಯದಲ್ಲಿ ಹಲ್ಲುಗಾಲಿಗಳನ್ನು ಅಡಗಿಸಿಕೊಂಡ ಕುಂಬಳಕಾಯಿಯಂತಹ ಉಬ್ಬು. ಅದಕ್ಕೆ ಡಿಫರೆನ್ಷಿಯಲ್ ಎಂದು ಹೆಸರು. ನಮ್ಮ ಬಂಡಿಯಲ್ಲಿ ನೆಲಕ್ಕೆ ಎಲ್ಲಕ್ಕಿಂತ ಸಮೀಪವಿರುವುದು ಅದೇ. ಅಚ್ಚಿಗೂ ಬಂಡಿಯ ಚೌಕಟ್ಟಿಗೂ ನಡುವೆ ಕಮಾನಿನ ಪಟ್ಟಿಗಳು. ಲಿಫ್ಟ್ ಕಿಟ್ಟು ಎಂದರೆ ಈ ಕಮಾನಿಗೆ ಪಟ್ಟಿಯೊಂದನ್ನು ಕೂಡಿಸುವುದು, ಇಲ್ಲವೆ ನಡುವೆ ಕಬ್ಬಿಣದ ಗಟ್ಟಿಯನ್ನು ಇಡುವುದು. ಮುಂದೆ ಸುರುಳಿ ಸ್ಪ್ರಿಂಗುಗಳನ್ನು ಎತ್ತರಿಸುವುದು. ಇದರಿಂದ ಚೌಕಟ್ಟು ಏರುತ್ತದೆ, ಮುಂಭಾಗದ ಹೊಟ್ಟೆಯೂ ಏರುತ್ತದೆ. ಆದರೆ ಹಿಂದಿನ ಅಚ್ಚು ಗಾಲಿಗಳಿಗೆ ಕಟ್ಟಿಕೊಂಡದ್ದು. ಗಾಲಿ ಎಲ್ಲಿಯೋ ಅದೂ ಅಲ್ಲಿಯೇ. ಬಂಡಿಯನ್ನು ಮೂರಂಗುಲವಲ್ಲ, ಆರಂಗುಲ ಎತ್ತಿದರೂ ಆ ಉಬ್ಬು ಒಂದು ಎಳ್ಳಿನಷ್ಟೂ ಮೇಲೇಳದು. ಅದನ್ನು ಎತ್ತುವ ಉಪಾಯವೊಂದೇ, ದೊಡ್ಡ ಗಾಲಿ.

ಹಾಗಾದರೆ ದೊಡ್ಡ ಗಾಲಿ ಎಷ್ಟು ಎತ್ತುತ್ತದೆ? ಇದಕ್ಕೆ ಟೈರಿನ ಮೈಮೇಲಿನ ಬರಹವನ್ನು ಓದಲು ಬರಬೇಕು. ನಮ್ಮ ಬಂಡಿಯದು 245/70 ಆರ್ 16. ಮೊದಲನೆಯದು ಟೈರಿನ ಅಗಲ, 245 ಮಿಲಿಮೀಟರು. ಎರಡನೆಯದು ಪಕ್ಕದ ಗೋಡೆಯ ಎತ್ತರ. ಅದು ಅಗಲದ ನೂರಕ್ಕೆ 70 ಪಾಲು, ಅಂದರೆ 171.5 ಮಿಲಿಮೀಟರು. ಕೊನೆಯದು ಒಳಗಿನ ಕಬ್ಬಿಣದ ಚಕ್ರದ ಅಡ್ಡಳತೆ, 16 ಇಂಚು, ಎಂದರೆ 406.4 ಮಿಲಿಮೀಟರು. ಗೋಡೆಯು ಮೇಲೊಂದು ಕೆಳಗೊಂದು. ಆದುದರಿಂದ ಎರಡು ಸಲ ಕೂಡಿಸಿದರೆ ಇಡಿಯ ಗಾಲಿಯ ಎತ್ತರ 749.4 ಮಿಲಿಮೀಟರು. ಮಗನು ಬಯಸಿದ 265/70 ಆರ್ 16ರ ಎತ್ತರವನ್ನು ಹೀಗೆಯೇ ಲೆಕ್ಕ ಹಾಕಿದೆವು, 777.4 ಬಂದಿತು. ವ್ಯತ್ಯಾಸವು 28. ಅಚ್ಚು ಇರುವುದು ಗಾಲಿಯ ನಡುವಿನಲ್ಲಿ. ಆದುದರಿಂದ ಅದಕ್ಕೆ ಸಿಗುವ ಲಾಭ ಇದರ ಅರ್ಧ, 14 ಮಿಲಿಮೀಟರು. ಅರ್ಧ ಇಂಚಿಗಿಂತ ತುಸು ಹೆಚ್ಚು, ಅಷ್ಟೆ. ಇದರ ಜತೆಗೆ ವೇಗದ ಮುಳ್ಳು 60 ತೋರಿಸುವಾಗ ಬಂಡಿಯು 62ನ್ನು ದಾಟಿರುತ್ತದೆ. ಭಾರವಾದ ಗಾಲಿಯನ್ನು ತಿರುಗಿಸಲು ಎಣ್ಣೆಯೂ ಹೆಚ್ಚು ಬೇಕು, ನಿಲ್ಲಿಸಲು ಬ್ರೇಕಿಗೂ ಹೆಚ್ಚು ಶ್ರಮ.

ಮುಂದಿನ ರವಿವಾರ ನಾವಿಬ್ಬರೂ ಅಳತೆಯ ಕೋಲನ್ನು ಹಿಡಿದು ಆ ಮಣ್ಣಿನ ದಾರಿಯನ್ನು ನಡೆದು ನೋಡಿದೆವು. ಟ್ರ್ಯಾಕ್ಟರುಗಳು ಕೊರೆದ ಜಾಡಿನ ಆಳವು ಬಹಳ ಕಡೆಗೆ ಐದಾರು ಇಂಚು. ಬಂಡಿಯ ಪುಸ್ತಕದಲ್ಲಿ ಕೊಟ್ಟ ನೆಲದ ಅಂತರವು 225 ಮಿಲಿಮೀಟರು, ಹೆಚ್ಚು ಕಡಿಮೆ ಒಂಬತ್ತು ಇಂಚು. ಅಲ್ಲೆಲ್ಲ ಬಂಡಿಯು ಇದ್ದಂತೆಯೇ ಸಾಗಬಲ್ಲದು. ಹಳ್ಳದ ಹತ್ತಿರ ನಾಲ್ವತ್ತು ಅಡಿಯ ಒಂದು ತುಣುಕಿನಲ್ಲಿ ಮಾತ್ರ ಕೋಲು ಹನ್ನೊಂದು ಇಂಚು ಇಳಿಯಿತು. ಅಲ್ಲಿ ಮೂರಂಗುಲದ ಕಿಟ್ಟಿನಿಂದ ಹಿಂದಿನ ಅಚ್ಚು ಏರದು. ದೊಡ್ಡ ಟೈರಿನ ಅರ್ಧ ಇಂಚು ಸಾಲದು. ಮಗನು ಕೋಲನ್ನು ನೋಡಿದನು, ನನ್ನನ್ನು ನೋಡಿದನು, ಏನೂ ಮಾತಾಡಲಿಲ್ಲ.

ಎತ್ತರಿಸುವುದು ಎಲ್ಲೆಡೆಗೂ ವ್ಯರ್ಥವೆಂದು ನಾನು ಹೇಳುವುದಿಲ್ಲ. ಬಂಡೆಗಳನ್ನು ಏರಿ ಇಳಿಯುವವರಿಗೆ, ಕಡಿದಾದ ದಿಬ್ಬಗಳಲ್ಲಿ ಬಂಡಿಯ ಮೂತಿಯೂ ಹೊಟ್ಟೆಯೂ ತಗಲದಂತೆ ಸಾಗಬೇಕಾದವರಿಗೆ ಅದರಿಂದ ನಿಜವಾದ ಅನುಕೂಲವುಂಟು. ಆದರೆ ಒಕ್ಕಲುತನದ ಬಂಡಿಗೆ ಅದರ ಬೆಲೆಯು ಹಣದಲ್ಲಿ ಮುಗಿಯುವುದಿಲ್ಲ. ಬಂಡಿ ಏರಿದಂತೆ ಅದರ ಭಾರದ ನಡುವೂ ಏರುತ್ತದೆ. ಭತ್ತದ ಚೀಲಗಳನ್ನು ಹೇರಿಕೊಂಡು ತಿರುವಿನಲ್ಲಿ ಬರುವಾಗ ಎತ್ತರದ ಬಂಡಿಯು ಹೆಚ್ಚು ವಾಲುತ್ತದೆ. ಮಗುಚುವ ಭಯವೂ ಹೆಚ್ಚು. ಯಂತ್ರದಿಂದ ಗಾಲಿಗೆ ಬಲವನ್ನು ಒಯ್ಯುವ ದಂಡಗಳು ಓರೆಯಾಗಿ ಅವುಗಳ ಗೆಣ್ಣುಗಳು ಬೇಗ ಸವೆಯುತ್ತವೆ. ದೀಪದ ಬೆಳಕು ಎದುರಿನವರ ಕಣ್ಣಿಗೆ ಬೀಳುತ್ತದೆ. 50 ಕಿಲೋ ಚೀಲವನ್ನು ಆಳು ಮೂರಂಗುಲ ಹೆಚ್ಚು ಎತ್ತಿ ಹಾಕಬೇಕು, ಅದೂ ಒಂದಲ್ಲ, ಇಪ್ಪತ್ತು ಸಲ. ಬಂಡಿಯು ಹೊರುವ ಭಾರವಂತೂ ಕಿಟ್ಟಿನಿಂದ ಹೆಚ್ಚುವುದಿಲ್ಲ. “ಸಾಹೇಬ್ರ, ಗಾಡಿ ಎತ್ತೂದು ಒಂದ ದಿನದ ಕೆಲಸ. ಎತ್ತಿದ ಮ್ಯಾಲ ಸಂಭಾಳಸೂದು ಗಾಡಿ ಇರೂತನಾ ಕೆಲಸ,” ಎಂದು ಮಿಸ್ತ್ರಿಯವರು ಹೇಳಿದ ಮಾತು ನನಗೆ ಮರೆತಿಲ್ಲ. ಕಿಟ್ಟು ಹಾಕಿದರೆ ಕೂಲಿ ಸಿಗುವುದು ಅವರಿಗೇ, ಆದರೂ ಹಾಗೆಂದರು.

ಇನ್ನು ಕಾಯಿದೆಯ ಮಾತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿಯ ಪತ್ರದಲ್ಲಿರುವ ವಿವರಗಳು ತಯಾರಕರು ಗೊತ್ತುಪಡಿಸಿದುದಕ್ಕಿಂತ ಬೇರೆಯಾಗುವಂತೆ ಬಂಡಿಯನ್ನು ಬದಲಿಸಲಾಗದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿಯಮವನ್ನು ಎತ್ತಿಹಿಡಿಯಿತು. ಅದೇ ವರುಷದ ತಿದ್ದುಪಡಿಯು ಒಪ್ಪಿಗೆಯಿಲ್ಲದ ಒಂದೊಂದು ಬದಲಾವಣೆಗೂ ಒಡೆಯನಿಗೆ 5000 ರೂಪಾಯಿ ದಂಡವನ್ನೋ ಆರು ತಿಂಗಳವರೆಗಿನ ಸೆರೆಯನ್ನೋ ಎರಡನ್ನೂ ಕೂಡಿಯೋ ವಿಧಿಸಲು ಅವಕಾಶ ಕೊಟ್ಟಿದೆ. ಇದಕ್ಕೂ ಮಿಗಿಲಾದ ಚಿಂತೆ ವಿಮೆಯದು. ಅಪಘಾತವಾದ ದಿನ ವಿಮೆಯವರು ಬದಲಾವಣೆಯನ್ನೇ ಮುಂದೆಮಾಡಿ ತಕರಾರು ತೆಗೆದರೆ, ಸಾಲದಲ್ಲಿ ಕೊಂಡ ಬಂಡಿಯ ಗೃಹಸ್ಥನು ಯಾರ ಬಾಗಿಲಿಗೆ ಹೋಗಬೇಕು?

ಕೊನೆಗೆ ನಾವು ಮಾಡಿದುದಿಷ್ಟು. ಎತ್ತರವನ್ನು ಮುಟ್ಟಲಿಲ್ಲ. ಅಳತೆಯನ್ನು 245/70 ಆರ್ 16 ಎಂದೇ ಉಳಿಸಿಕೊಂಡು, ಟೈರಿನ ಜಾತಿಯನ್ನು ಬದಲಿಸಿದೆವು. ಬಂಡಿಯ ಜತೆಗೆ ಬಂದವು ಡಾಂಬರಿಗೆ ತಕ್ಕವು. ಅವುಗಳ ಸಣ್ಣ ಗೀರುಗಳಲ್ಲಿ ನಮ್ಮ ಜೇಡಿಯು ತುಂಬಿಕೊಂಡರೆ ಗಾಲಿಯು ಬೋಳಾದಂತೆಯೇ ಸರಿ. ಕೆಸರಿನವೇ ಆದ ಎಂ.ಟಿ. ಟೈರುಗಳು ಕೆಸರನ್ನು ಚೆನ್ನಾಗಿ ಕೊಡವುತ್ತವೆ. ಆದರೆ ಹೆದ್ದಾರಿಯಲ್ಲಿ ಗುಂಯ್‌ಗುಟ್ಟುತ್ತವೆ, ಬೇಗ ಸವೆಯುತ್ತವೆ, ಒದ್ದೆಯಾದ ಡಾಂಬರಿನಲ್ಲಿ ಅಷ್ಟು ನಂಬುಗೆಯವಲ್ಲ. ನಮ್ಮ ಪಯಣದ ಬಹುಪಾಲು ಡಾಂಬರು, ಕೊನೆಯ ಪಾಲು ಕೆಸರು. ಆದುದರಿಂದ ಎರಡಕ್ಕೂ ನಡುವಿನ ಎ.ಟಿ. ಜಾತಿಯನ್ನು ಆರಿಸಿದೆವು. ಹೊರೆಯ ಅಂಕಿಯನ್ನೂ ನೋಡಿಕೊಂಡೆವು. 111 ಎಂದು ಬರೆದಿದ್ದರೆ ಒಂದು ಟೈರು 1090 ಕಿಲೋ ಹೊರಬಲ್ಲದೆಂದು ಅರ್ಥ. ಕಾರಖಾನೆಯವರು ಹೇಳಿದ ಅಂಕಿಗಿಂತ ಇದು ಕಡಿಮೆಯಾಗಕೂಡದು. ಮೀಸಲು ಗಾಲಿಯನ್ನೂ ಸೇರಿಸಿ ಐದನ್ನೂ ಒಂದೇ ಅಳತೆಯವಾಗಿ ತಂದೆವು. ನಾಲ್ಕು ಗಾಲಿಗಳಿಗೂ ಬಲ ಹರಿಯುವ ಬಂಡಿಯಲ್ಲಿ ಒಂದು ಗಾಲಿ ಚಿಕ್ಕದಾದರೆ ಒಳಗಿನ ಹಲ್ಲುಗಾಲಿಗಳಿಗೆ ಕೇಡು.

ಕಿಟ್ಟಿಗೆಂದು ತೆಗೆದಿರಿಸಿದ್ದ ಹಣವು ಉಳಿಯಿತು. ಹಳ್ಳದ ಹತ್ತಿರದ ಆ ನಾಲ್ವತ್ತು ಅಡಿಯನ್ನು ಸರಿಪಡಿಸಲು ಮಗನೇ ಸೂಚಿಸಿದನು. ನೆರೆಯ ಮೂರು ಗದ್ದೆಯವರು ಕೂಡಿಕೊಂಡರು. ಬದಿಗೆ ನೀರು ಹರಿಯಲು ಕಾಲುವೆ ತೋಡಿ, ಕೆಸರನ್ನು ಎತ್ತಿ ಹಾಕಿ, ಚಿರೆಕಲ್ಲಿನ ತುಂಡುಗಳನ್ನು ಬಡಿದು, ಮೇಲೆ ಗರಸು ಹರಡಿದೆವು. ನಾಲ್ಕು ದಿನದ ಕೆಲಸ. ಈ ವರುಷ ಆರಿದ್ರಾ ಮಳೆಯಲ್ಲಿಯೂ ಗೊಬ್ಬರದ ಚೀಲಗಳು ಗದ್ದೆಯ ಬದುವಿನವರೆಗೆ ಬಂಡಿಯಲ್ಲಿಯೇ ಹೋದವು. ನಮ್ಮವಷ್ಟೇ ಅಲ್ಲ, ಬಂಡಿಯಿಲ್ಲದ ನೆರೆಯವರವೂ ಹೋದವು. ಬಂಡಿಯನ್ನು ಎತ್ತಿಸಿದ್ದರೆ ಈ ಕೊನೆಯ ಮಾತನ್ನು ಬರೆಯುವ ಯೋಗವಿರುತ್ತಿರಲಿಲ್ಲ.

ಹೊಸ ಬಂಡಿಯನ್ನು ಕೊಳ್ಳುವ ಗೃಹಸ್ಥರಿಗೆ ನನ್ನ ಅರಿಕೆಯಿಷ್ಟೆ. ಅಂಗಡಿಗೆ ಹೋಗುವ ಮೊದಲು ನಿಮ್ಮ ದಾರಿಯನ್ನು ಒಮ್ಮೆ ಕೋಲು ಹಿಡಿದು ನಡೆದು ನೋಡಿರಿ. ಬಂಡಿಯಲ್ಲಿ ಯಾರು ಹತ್ತುವವರು, ಎಷ್ಟು ಹೊರೆ, ಎಷ್ಟು ಡಾಂಬರು, ಎಷ್ಟು ಕೆಸರು ಎಂಬುದನ್ನು ಒಂದು ಕಾಗದದಲ್ಲಿ ಬರೆದಿಡಿರಿ. ಮಳೆಗಾಲಕ್ಕೆ ಮುಂಚೆ ಟೈರಿನ ಗೀರುಗಳ ಆಳವನ್ನೂ ಗಾಳಿಯನ್ನೂ ನೋಡಿಸಿರಿ; ಕೆಸರಿನಲ್ಲಿ ಗಾಳಿಯನ್ನು ತುಸು ಇಳಿಸಿಕೊಂಡರೆ ಹಿಡಿತ ಹೆಚ್ಚುವುದು ನಿಜ, ಆದರೆ ಡಾಂಬರಿಗೆ ಬಂದೊಡನೆ ಮರೆಯದೆ ತುಂಬಿಸಿಕೊಳ್ಳಬೇಕು. ಇಷ್ಟಾದ ಮೇಲೂ ಎತ್ತರ ಬೇಕೆನಿಸಿದರೆ, ಕಾಯಿದೆಗೆ ಒಪ್ಪುವಷ್ಟನ್ನೇ, ತಿಳಿದವರ ಕೈಯಿಂದಲೇ ಮಾಡಿಸಿಕೊಳ್ಳಿರಿ. ಮತ್ತು ಅದಕ್ಕೆ ಮೊದಲು, ಮನೆಯಲ್ಲಿ ಮೊಣಕಾಲ ನೋವಿನವರಿದ್ದರೆ ಅವರನ್ನೊಂದು ಮಾತು ಕೇಳಿರಿ.