ಕೋವಿಗೆ ತಕ್ಕ ಗುಂಡು

ಹಳೆಯ ವಸ್ತುಗಳ ವಿಷಯದಲ್ಲಿ ನಮಗೊಂದು ಅಭ್ಯಾಸವಿದೆ. ಗಡಿಯಾರ ಹಿಂದೆ ಬಿದ್ದರೆ, ಬೀಗ ತೆರೆಯದಿದ್ದರೆ, ಹೊಲಿಗೆಯ ಯಂತ್ರ ದಾರವನ್ನು ಕಡಿದರೆ, 'ಅದಕ್ಕೆ ವಯಸ್ಸಾಯಿತು' ಎಂದು ಅಟ್ಟಕ್ಕೆ ಏರಿಸಿಬಿಡುತ್ತೇವೆ. ತಪ್ಪು ವಸ್ತುವಿನದೋ, ಅದನ್ನು ಬಳಸುವ ನಮ್ಮದೋ ಎಂದು ವಿಚಾರಿಸುವ ಗೋಜಿಗೆ ಹೋಗುವುದಿಲ್ಲ. ನಾನೂ ಹೀಗೆಯೇ ಒಂದು ಗಾಳಿಕೋವಿಗೆ ಅನ್ಯಾಯ ಮಾಡುವುದರಲ್ಲಿದ್ದೆನು.

ಆ ಕೋವಿ ಮೂಡಿಗೆರೆಯ ಸಮೀಪದಲ್ಲಿ ಕಾಫಿ ತೋಟವಿರುವ ನನ್ನ ಸೋದರಮಾವನವರದು. ಅದರ ಹೆಸರು ಡಯಾನಾ. ಜರ್ಮನಿಯ ರಾಸ್ಟಾಟ್ ಎಂಬ ಊರಿನಲ್ಲಿ 1890ರಲ್ಲಿ ಆರಂಭವಾದ ಕಾರ್ಖಾನೆಯೊಂದು ಅದನ್ನು ತಯಾರಿಸಿತ್ತು. ರೋಮನರ ಪುರಾಣದಲ್ಲಿ ಡಯಾನಾ ಬೇಟೆಯ ದೇವತೆ. ಕೋವಿಯ ಮೇಲಿನ ಮುದ್ರೆಯಲ್ಲಿ ಆ ದೇವತೆ ಬಿಲ್ಲುಬಾಣಗಳನ್ನು ಕೆಳಗೆ ಎಸೆದು ಗಾಳಿಕೋವಿಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಿದ್ದಾಳೆ. ಬೇಸಗೆಯ ರಜೆಗೆ ಹೋದಾಗ ಮಾವನವರು ನಮಗೆ ಅದರಿಂದ ಗುರಿಯಿಡುವುದನ್ನು ಕಲಿಸಿದ್ದರು. ಅವರ ಕಟ್ಟಳೆಗಳು ಎರಡೇ. ಕಾಗದದ ಗುರಿಯ ಹೊರತು ಯಾವ ಪ್ರಾಣಿಪಕ್ಷಿಯ ಕಡೆಗೂ ನಳಿಗೆ ತಿರುಗಕೂಡದು. ಗುರಿಯ ಹಿಂದೆ ಮಣ್ಣಿನ ದಿಬ್ಬ ಇರಲೇಬೇಕು.

ಮಾವನವರಿಗೆ ಎಂಬತ್ತೈದು ದಾಟಿ ಕಣ್ಣು ಮಂಜಾದ ಮೇಲೆ ಕೋವಿಯನ್ನು ನನ್ನ ಕೈಗೆ ಕೊಟ್ಟರು. ಕಾಫಿ ಒಣಗಿಸುವ ಕಣದಲ್ಲಿ ಹತ್ತು ಮೀಟರು ಅಳೆದು, ದಿಬ್ಬಕ್ಕೆ ಒರಗಿಸಿದ ಮರಳಿನ ಪೆಟ್ಟಿಗೆಗೆ ಕಾಗದ ಅಂಟಿಸಿ, ಪೇಟೆಯಿಂದ ತಂದಿದ್ದ ಗುಂಡುಗಳನ್ನು ಹತ್ತು ಸಲ ಹೊಡೆದೆನು. ತೂತುಗಳು ಕಾಗದದ ತುಂಬ ಚೆದುರಿ ಬಿದ್ದಿದ್ದವು. ನೋಡುತ್ತ ನಿಂತಿದ್ದ ತೋಟದ ಮೇಸ್ತ್ರಿ, "ಗುಜರಿಯವನು ಬಂದಾಗ ಕೊಟ್ಟುಬಿಡಿ ಸ್ವಾಮಿ" ಎಂದನು. ನನಗೂ ಹಾಗೆಯೇ ತೋರಿತು. ಆದರೆ ಜಗಲಿಯಲ್ಲಿ ಕುಳಿತಿದ್ದ ಮಾವನವರ ಕಿವಿ ಚುರುಕಾಗಿಯೇ ಇತ್ತು.

"ಯಾವ ಗುಂಡು ಹಾಕಿದೆಯೋ?" ಎಂದು ಕೇಳಿದರು.

"ಅಂಗಡಿಯಲ್ಲಿ ಸಿಕ್ಕಿದ್ದು, ಮಾವ."

"ಹಾಗಾದರೆ ಕೋವಿಯನ್ನು ಬೈಯಬೇಡ. ನಾನು ಹಾಕುತ್ತಿದ್ದ ಗುಂಡು ಈಗ ಬರುವುದಿಲ್ಲ. ಅದಕ್ಕೆ ಯಾವುದು ಹಿಡಿಸುತ್ತದೆಂದು ಅದನ್ನೇ ಕೇಳು."

ಗುಂಡಿನಲ್ಲಿ ಅಂತಹುದೇನಿದೆ ಎಂದು ಓದುಗರು ಕೇಳಬಹುದು. ಈ ಗುಂಡು ದುಂಡಗಿರುವುದಿಲ್ಲ. ಅರ್ಧ ಗ್ರಾಮಿನಷ್ಟು ತೂಕದ ಮೆದುವಾದ ಸೀಸದ ತುಣುಕು ಅದು. ಅದಕ್ಕೆ ಒಂದು ತಲೆ, ಸಣ್ಣ ನಡು, ಕೆಳಗೆ ಲಂಗದಂತೆ ಅರಳಿದ ಪೊಳ್ಳಾದ ಅಂಚು. ಟ್ರಿಗರನ್ನು ಎಳೆದಾಗ, ಅದುಮಿಟ್ಟ ಸ್ಪ್ರಿಂಗು ಬಿಚ್ಚಿಕೊಂಡು ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ. ಪಿಸ್ಟನ್ನಿನ ಮುಂದಿರುವ ಗಾಳಿ ಒತ್ತಿಕೊಂಡು ಗುಂಡನ್ನು ದೂಡುತ್ತದೆ. ಆ ಒತ್ತಡಕ್ಕೆ ಗುಂಡಿನ ತೆಳುವಾದ ಅಂಚು ಹಿಗ್ಗಿ ನಳಿಗೆಯೊಳಗಿನ ಸುರುಳಿಗೀರುಗಳನ್ನು ಕಚ್ಚಿಕೊಳ್ಳುತ್ತದೆ. ಗುಂಡು ಬುಗುರಿಯಂತೆ ತಿರುಗುತ್ತ ಹೊರಬೀಳುತ್ತದೆ. ಗುಂಡು ಸಡಿಲವಾದರೆ ಗಾಳಿ ಪಕ್ಕದಿಂದ ಸೋರಿಹೋಗುತ್ತದೆ. ಅತಿ ಬಿಗಿಯಾದರೆ ಗುಂಡು ವಿಕಾರಗೊಳ್ಳುತ್ತದೆ. ನಳಿಗೆಗಳಾದರೋ ಒಂದರಂತೆ ಇನ್ನೊಂದು ಇರುವುದಿಲ್ಲ. ಆದುದರಿಂದ ಒಂದು ಕೋವಿಗೆ ಒಗ್ಗಿದ ಗುಂಡು ಇನ್ನೊಂದಕ್ಕೆ ಒಗ್ಗೀತೆಂಬ ಭರವಸೆಯಿಲ್ಲ. ಒಲಿಂಪಿಕ್ಸಿನಲ್ಲಿ ಹತ್ತು ಮೀಟರಿನ ಏರ್ ರೈಫಲ್ ಸ್ಪರ್ಧೆ 1984ರಲ್ಲಿ ಆರಂಭವಾಯಿತು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನದ ಪದಕ ಗೆದ್ದುದು ಈ ಸ್ಪರ್ಧೆಯಲ್ಲಿಯೇ. ಅಲ್ಲಿ ಗುರಿಯ ನಡುವಿನ ಚುಕ್ಕೆಯ ಅಗಲ ಅರ್ಧ ಮಿಲಿಮೀಟರು ಮಾತ್ರ. ಆ ಮಟ್ಟದ ಸ್ಪರ್ಧಾಳುಗಳು ರೈಫಲನ್ನು ಅಲುಗದಂತೆ ಬಿಗಿದು, ಬಗೆಬಗೆಯ ಗುಂಡುಗಳನ್ನು ಪರೀಕ್ಷಿಸಿ, ತಮ್ಮ ನಳಿಗೆಗೆ ಒಗ್ಗಿದುದನ್ನೇ ಆರಿಸಿಕೊಳ್ಳುತ್ತಾರೆ.

ನಾನು ಐದು ಬಗೆಯ ಗುಂಡುಗಳ ಡಬ್ಬಿಗಳನ್ನು ಕೂಡಿಹಾಕಿದೆನು. ಎಲ್ಲವೂ 4.5 ಮಿಲಿಮೀಟರಿನವೇ. ಅವುಗಳಲ್ಲಿ ಒಂದು ಬಹಳ ದುಬಾರಿ. ಗುಂಡುಗಳು ಮುತ್ತಿನಂತೆ ಹೊಳೆಯುತ್ತಿದ್ದವು. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ನನ್ನ ತಮ್ಮನ ಮಗಳು ಅಳತೆ ಬರೆದುಕೊಳ್ಳಲು ನೋಟ್‌ಪುಸ್ತಕ ಹಿಡಿದು ಕುಳಿತಳು. ದುಬಾರಿ ಗುಂಡಿನ ಸರದಿ ಬಂದಾಗ ಒಂಬತ್ತು ತೂತುಗಳು ಹತ್ತಿರ ಹತ್ತಿರ ಬಿದ್ದವು. ಹತ್ತನೆಯದು ದೂರಕ್ಕೆ ಹಾರಿತು.

"ಅದನ್ನು ಬಿಡು, ನನ್ನ ಕೈ ಅಲುಗಿತು. ಉಳಿದವನ್ನು ಅಳೆದರೆ 18 ಮಿಲಿಮೀಟರು" ಎಂದೆನು.

ಹುಡುಗಿ ಪೆನ್ಸಿಲು ಎತ್ತಲಿಲ್ಲ. "ದೊಡ್ಡಪ್ಪ, ಅಗ್ಗದ ಗುಂಡು ಹಾರಿದಾಗ ನೀವು ಕೈ ಅಲುಗಿತು ಅನ್ನಲಿಲ್ಲವಲ್ಲ? ಗುಂಡು ಸರಿಯಿಲ್ಲ ಅಂದಿರಿ" ಎಂದಳು.

ನನಗೆ ಉತ್ತರ ತೋಚಲಿಲ್ಲ. ಹಣ ಹೆಚ್ಚು ಕೊಟ್ಟ ಗುಂಡು ಗೆಲ್ಲಬೇಕೆಂದು ನನ್ನ ಮನಸ್ಸು ಮೊದಲೇ ತೀರ್ಮಾನಿಸಿತ್ತು. ಅವಳು 18ನ್ನು ಹೊಡೆದುಹಾಕಿ, ಪಕ್ಕದಲ್ಲಿ 28 ಎಂದು ಬರೆದಳು.

ಮರುದಿನ ಪರೀಕ್ಷೆಯನ್ನು ಹೊಸದಾಗಿ ಆರಂಭಿಸಿದೆವು. ಈ ಸಲ ನಿಯಮಗಳು ಅವಳವು. ಗುಂಡುಗಳನ್ನು ಐದು ಬಟ್ಟಲುಗಳಲ್ಲಿ ಹಾಕಿ ಅ, ಆ, ಇ, ಈ, ಉ ಎಂದು ಚೀಟಿ ಅಂಟಿಸಿದಳು. ಯಾವ ಬಟ್ಟಲಲ್ಲಿ ಯಾವ ಡಬ್ಬಿಯ ಗುಂಡೆಂಬುದು ಅವಳಿಗೆ ಮಾತ್ರ ಗೊತ್ತು. ಅವಳು ಒಂದೊಂದಾಗಿ ಗುಂಡು ತುಂಬಿಕೊಡುವಾಗ ನಾನು ದಿಬ್ಬದ ಕಡೆ ನೋಡುತ್ತಿರಬೇಕು. ಅಂಚು ನೆಗ್ಗಿದ ಗುಂಡುಗಳನ್ನು ಎಲ್ಲ ಬಗೆಯಲ್ಲಿಯೂ ಒಂದೇ ರೀತಿ ಆರಿಸಿ ತೆಗೆದಳು. ಬಗೆ ಬದಲಾದಾಗಲೆಲ್ಲ ನಳಿಗೆ ಹೊಂದಿಕೊಳ್ಳಲೆಂದು ಮೊದಲ ಐದು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅನಂತರದ ಹತ್ತರಲ್ಲಿ ಒಂದನ್ನೂ ಬಿಡುವಂತಿರಲಿಲ್ಲ. ಸ್ಪ್ರಿಂಗಿನ ಕೋವಿ ಗುಂಡು ಹೊರಬೀಳುವ ಮೊದಲೇ ಕುಲುಕುತ್ತದೆ. ಆದುದರಿಂದ ಅದನ್ನು ಬಿಗಿಯಾಗಿ ಅವುಚದೆ, ಪ್ರತಿ ಸಲವೂ ಒಂದೇ ಬಗೆಯಲ್ಲಿ ಹಗುರವಾಗಿ ಹಿಡಿದೆನು. ಒಂದು ದಿನದ ಫಲವನ್ನು ನಂಬದೆ, ಎರಡನೆಯ ದಿನವೂ ಹಾಗೆಯೇ ಮಾಡಿದೆವು. ಹೀಗೆ ನೂರು ಗುಂಡುಗಳ ಲೆಕ್ಕ ನಮ್ಮ ಕೈಗೆ ಬಂದಿತು. ಪ್ರತಿ ಸಲವೂ ಸೀಸ ಮುಟ್ಟಿದ ಕೈಗಳನ್ನು ಸೋಪು ಹಾಕಿ ತೊಳೆದ ಮೇಲೆಯೇ ಕಾಫಿ.

ಅತ್ಯಂತ ದೂರದ ಎರಡು ತೂತುಗಳ ನಡುವಿನ ಅಂತರ, ಮಿಲಿಮೀಟರುಗಳಲ್ಲಿ, ಎರಡು ದಿನಗಳಲ್ಲಿ ಹೀಗಿದ್ದಿತು: ಅ ಬಟ್ಟಲಿನದು 46 ಮತ್ತು 41, ಆ 33 ಮತ್ತು 37, ಇ 27 ಮತ್ತು 29, ಈ 14 ಮತ್ತು 13, ಉ 24 ಮತ್ತು 31. ಈ ಬಟ್ಟಲಿನ ತೂತುಗಳೆಲ್ಲ ಒಂದು ರೂಪಾಯಿಯ ನಾಣ್ಯದ ಅಡಿಯಲ್ಲಿ ಅಡಗುತ್ತಿದ್ದವು.

ಹುಡುಗಿ ಗುಟ್ಟು ಬಿಟ್ಟುಕೊಟ್ಟಳು. ಮುತ್ತಿನಂತಹ ದುಬಾರಿ ಗುಂಡು ಇರುವುದು ಇ ಬಟ್ಟಲಿನಲ್ಲಿ. ಈ ಬಟ್ಟಲಿನವು ಬೆಲೆಯಲ್ಲಿ ನಡುತರದ, ಚಪ್ಪಟೆ ತಲೆಯ ಸಾಮಾನ್ಯ ಗುಂಡುಗಳು. ಡಬ್ಬಿಗಳನ್ನು ಮತ್ತೆ ಓದಿದಾಗ ಒಂದು ಸಂಗತಿ ಕಂಡಿತು. ದುಬಾರಿ ಗುಂಡಿನ ತಲೆಯ ಅಳತೆ 4.50 ಮಿಲಿಮೀಟರು, ಗೆದ್ದ ಗುಂಡಿನದು 4.52. ಮಿಲಿಮೀಟರಿನ ನೂರರಲ್ಲಿ ಎರಡು ಪಾಲು! ಹಳೆಯ ನಳಿಗೆಯಲ್ಲಿ ಮೊದಲನೆಯದು ತಾನಾಗಿ ಜಾರಿ ಕೂರುತ್ತಿತ್ತು. ಎರಡನೆಯದನ್ನು ಹೆಬ್ಬೆರಳಿನಿಂದ ತುಸು ಒತ್ತಬೇಕಾಗಿತ್ತು. ದುಬಾರಿ ಗುಂಡು ಕೆಟ್ಟದ್ದಲ್ಲ. ಇನ್ನಾವುದೋ ಕೋವಿಗೆ ಅದೇ ಸರಿಯಿರಬಹುದು. ಈ ಕೋವಿಗೆ ಅಲ್ಲ, ಅಷ್ಟೆ.

ಕಾಗದವನ್ನು ಮಾವನವರ ಬಳಿಗೆ ಒಯ್ದೆವು. ಅವರಿಗೆ ತೂತುಗಳು ಕಾಣಿಸಲಿಲ್ಲ. ಬೆರಳ ತುದಿಯಿಂದ ನಿಧಾನವಾಗಿ ಸವರಿದರು. ಬೆರಳು ನಡುವಿನ ಒಂದೇ ಕಡೆಯಲ್ಲಿ ನಿಂತಿತು. ಸುತ್ತ ಎಲ್ಲಿಯೂ ಇನ್ನೊಂದು ತೂತು ಸಿಕ್ಕಲಿಲ್ಲ. ಆಮೇಲೆ ಕೋವಿಯನ್ನು ತೊಡೆಯ ಮೇಲೆ ತರಿಸಿಕೊಂಡು, ನಳಿಗೆಯನ್ನು ಬಾಗಿಸಿ, ಗುಂಡೊಂದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. "ಹೌದು, ಹೀಗೆಯೇ ಕೂರುತ್ತಿತ್ತು" ಎಂದರು. ಅವರ ಮುಖದಲ್ಲಿ ಮೂಡಿದ ನೆಮ್ಮದಿಯನ್ನು ನಾನು ಮರೆಯಲಾರೆನು.

ಆ ಕೋವಿ ಈಗ ನನ್ನ ಕೋಣೆಯಲ್ಲಿದೆ. ಹುಡುಗಿಯ ನೋಟ್‌ಪುಸ್ತಕವನ್ನೂ ಕೇಳಿ ಇಟ್ಟುಕೊಂಡಿದ್ದೇನೆ. ಯಾವುದಾದರೂ ವಸ್ತುವನ್ನೋ, ಮನುಷ್ಯನನ್ನೋ 'ಪ್ರಯೋಜನವಿಲ್ಲ' ಎಂದು ತಳ್ಳಿಹಾಕಲು ಹೊರಟಾಗ, ಅದರ ಆ ಪುಟ ನನ್ನ ಕಣ್ಣ ಮುಂದೆ ಬರುತ್ತದೆ: ಗೀಟೆಳೆದು ಹೊಡೆದುಹಾಕಿದ 18, ಅದರ ಪಕ್ಕದಲ್ಲಿ ಸ್ಪಷ್ಟವಾಗಿ ಬರೆದ 28.