ಗೀಸರ್ ಪಾಯಿಂಟ್

ಗೀಸರ್ ಪ್ಲಗ್ ಎಳೆದರೆ ಬರುತ್ತಿಲ್ಲ. ಆಚೀಚೆ ಅಲುಗಾಡಿಸಿ ಕಿತ್ತರೆ ಬಲಗಡೆಯ ಪಿನ್ ಕಪ್ಪಿಟ್ಟಿದೆ. ಸಾಕೆಟ್‌ನಲ್ಲೂ ಆ ತೂತಿನ ಸುತ್ತ ಪ್ಲಾಸ್ಟಿಕ್ ಕಂದಾಗಿ ಉಬ್ಬಿದೆ. ಮೂಗು ಹತ್ತಿರ ಒಯ್ದರೆ ಮೀನಿನ ಕಮಟು.

ಟೆಸ್ಟರನ್ನು ಮೊದಲು ಹಜಾರದ ಟಿವಿ ಪಾಯಿಂಟಿಗೆ ಹಿಡಿಯುತ್ತೇನೆ, ಕೆಂಪಗೆ ಉರಿಯುತ್ತದೆ. ಟೆಸ್ಟರೇ ಕೆಟ್ಟಿದ್ದರೆ ಕರೆಂಟಿರುವ ಲೈನೂ ಸತ್ತಂತೆ ಕಾಣುತ್ತದೆ. ಆಮೇಲೆ ಮೈನ್ ಆಫ್. ಅಡುಗೆಮನೆಯಲ್ಲಿ ಮಿಕ್ಸಿ ಗಕ್ಕನೆ ನಿಲ್ಲುತ್ತದೆ.

"ಕರೆಂಟ್ ಹೋಯ್ತೇನೇ?"

"ನಾನೇ ತೆಗೆದಿದ್ದು ಅತ್ತೆ, ಸ್ವಲ್ಪ ತಡೀರಿ."

ಮಿಕ್ಸಿ ನಿಂತಿತು, ಆದರೆ ಬಚ್ಚಲುಮನೆಯ ದೀಪ ಇನ್ನೂ ಉರಿಯುತ್ತಿದೆ! ಅದು ಯುಪಿಎಸ್ ಲೈನು, ಅದರ ಸ್ವಿಚ್ಚೂ ಇದೇ ಬೋರ್ಡಿನಲ್ಲಿದೆ. ಮೈನ್ ತೆಗೆದರೆ ಮನೆಯೆಲ್ಲ ತಣ್ಣಗಾಯಿತು ಅಂದುಕೊಳ್ಳುವ ಕಾಲ ಬ್ಯಾಟರಿ ಬಂದ ದಿನವೇ ಮುಗಿಯಿತು. ಹೋಗಿ ಯುಪಿಎಸ್ಸನ್ನೂ ಆಫ್ ಮಾಡಿ, ಟಾರ್ಚ್ ಹಿಡಿದು ಬಂದು, ಬೋರ್ಡಿನ ಒಂದೊಂದು ಪಾಯಿಂಟಿಗೂ ಟೆಸ್ಟರ್ ಮುಟ್ಟಿಸುತ್ತೇನೆ. ಎಲ್ಲೂ ಉರಿಯಲಿಲ್ಲ.

ನಾಲ್ಕು ಸ್ಕ್ರೂ ಬಿಚ್ಚಿದರೆ ಹೈಲಂ ಶೀಟು ವೈರುಗಳ ಸಮೇತ ಮುಂದಕ್ಕೆ ಬಾಗುತ್ತದೆ. ಒಳಗೆ ಧೂಳು, ಹಲ್ಲಿ ಮೊಟ್ಟೆಯ ಚಿಪ್ಪು. ಕಪ್ಪು, ಹಸಿರು ವೈರು ಚೆನ್ನಾಗಿವೆ. ಕೆಂಪು ವೈರಿನ ತುದಿ ಮಾತ್ರ ಸೆಟೆದು ಪುಡಿಪುಡಿ. ಅದರ ಟರ್ಮಿನಲ್ ಸ್ಕ್ರೂ ಬೆರಳಿಗೇ ತಿರುಗುತ್ತದೆ. ಸಿಕ್ಕಿತು. ಎರಡು ಸಾವಿರ ವಾಟ್‌ನ ಗೀಸರ್ 230 ವೋಲ್ಟಿನಲ್ಲಿ ಎಳೆಯುವುದು 9 ಆಂಪಿಯರಿಗೂ ಕಮ್ಮಿ. 16 ಆಂಪ್ ಸಾಕೆಟ್ಟಿಗೆ ಅದೇನು ಭಾರವಲ್ಲ. ಆದರೆ ಅಷ್ಟೂ ಕರೆಂಟು ಸಡಿಲ ಸ್ಕ್ರೂವಿನ ಕೆಳಗೆ ಒಂದೆರಡು ಎಳೆಗಳಲ್ಲೇ ನುಗ್ಗಬೇಕು. ಅಲ್ಲಿ ಕಾಯುತ್ತದೆ, ಕಾದು ತಣ್ಣಗಾಗಿ ಸ್ಕ್ರೂ ಇನ್ನಷ್ಟು ಸಡಿಲ, ಮಾರನೇ ದಿನ ಇನ್ನಷ್ಟು ಬಿಸಿ. ಬೈಸಿಕೊಳ್ಳುವುದು ಮಾತ್ರ ಸಾಕೆಟ್ ಕಂಪನಿ.

ಸುಟ್ಟ ತುದಿಯನ್ನು ತಾಮ್ರ ಹೊಳೆಯುವ ತನಕ ಕತ್ತರಿಸಿ, ಸಿಪ್ಪೆ ಸುಲಿದು, ಎಳೆ ಹೊಸೆದು, ಮಡಚಿ ಹೊಸ ಸಾಕೆಟ್ಟಿಗೆ ತೂರಿಸುತ್ತೇನೆ. ಮುಂದಿನಿಂದ ನೋಡಿದರೆ ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್, ಮೇಲಿನ ದಪ್ಪ ತೂತು ಅರ್ತ್. ಈಗ ಹಿಂದಿನಿಂದ ನೋಡುತ್ತಿದ್ದೇನಲ್ಲ, ಎಡ ಬಲ ಅದಲು ಬದಲು. ಕೊರೆದಿರುವ ಎಲ್, ಎನ್ ಅಕ್ಷರ ಓದಿಕೊಂಡೇ ಸ್ಕ್ರೂ ಬಿಗಿಯುವುದು. ಬಿಗಿದು ಒಂದೊಂದು ವೈರನ್ನೂ ಜಗ್ಗುತ್ತೇನೆ. ಬರಲಿಲ್ಲ.

"ಸಾಕೆಟ್ ಒಂದೇ ಸಾಕಲ್ವಾ ಮೇಡಂ?" ಅಂದಿದ್ದ ಅಂಗಡಿಯವ. ಸಾಲದು. ಕಪ್ಪಿಟ್ಟ ಪಿನ್ನನ್ನು ಹೊಸ ಸಾಕೆಟ್ಟಿಗೆ ತುರುಕಿದರೆ ಅದೂ ಬೇಗ ಬೇಯುತ್ತದೆ. ಪ್ಲಗ್ ಟಾಪನ್ನೂ ಬದಲಾಯಿಸುತ್ತೇನೆ, ಉದ್ದದ ಅರ್ತ್ ಪಿನ್ನಿಗೆ ಹಸಿರು ವೈರು.

ಮೈನ್ ಆನ್. ಪಾಯಿಂಟಿನ ಸ್ವಿಚ್ ಹಾಕಿದರೆ ಟೆಸ್ಟರ್ ಬಲಕ್ಕೆ ಉರಿಯುತ್ತದೆ, ಎಡಕ್ಕಿಲ್ಲ. ಗೀಸರ್ ಸ್ವಲ್ಪ ಹೊತ್ತು ಕಾದ ಮೇಲೆ ಪ್ಲಗ್ಗಿನ ಮೇಲೆ ಕೈ ಇಡುತ್ತೇನೆ. ತಣ್ಣಗಿದೆ.

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನೋಡುತ್ತಾರೆ. "ಇಸ್ತ್ರಿಪೆಟ್ಟಿಗೆ ಹಾಕ್ತೀವಲ್ಲ, ಆ ಪಾಯಿಂಟೂ ಚಟಚಟ ಅನ್ನುತ್ತೆ ಕಣೇ."